ಕಡತದ ವಾಚನ: ಮುಗಿದುದೂ ನಿಂತುದೂ

ಗಣಕಯಂತ್ರದ ಭಾಷೆಗಳಲ್ಲಿ ‘ಸಿ’ ಎಂಬುದು ಯಂತ್ರಕ್ಕೆ ಬಹು ಸಮೀಪವಾದುದು. 1970ರ ದಶಕದ ಆದಿಭಾಗದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚೀ ಅವರು ಇದನ್ನು ರೂಪಿಸಿದರು. ಬರೆಯುವವನು ವಿಚಾರಿಸದಿದ್ದರೆ, ನಡೆದ ತಪ್ಪನ್ನು ಈ ಭಾಷೆ ತಾನಾಗಿ ತಿಳಿಸುವುದಿಲ್ಲ. ಕಡತಗಳನ್ನು ಓದುವಾಗ ಈ ಮೌನದಿಂದ ಒದಗುವ ಹಾನಿಯನ್ನೂ ಅದರ ಪರಿಹಾರವನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಬಹುದು.

ಯೂನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ‘ರೀಡ್’ ಎಂಬ ಕರೆಗೆ ಮೂರು ಸಂಗತಿಗಳನ್ನು ಒಪ್ಪಿಸಬೇಕು: ಓದತಕ್ಕ ಕಡತ, ಓದಿದುದನ್ನು ಇರಿಸುವ ಸ್ಥಳ, ಹೆಚ್ಚೆಂದರೆ ಎಷ್ಟು ಬೈಟು ಎಂಬ ಪ್ರಮಾಣ. ಉತ್ತರವಾಗಿ ಒಂದು ಸಂಖ್ಯೆ ಬರುತ್ತದೆ. ಅದು ಧನಸಂಖ್ಯೆಯಾದರೆ ಅಷ್ಟು ಬೈಟುಗಳು ದೊರೆತಿವೆ. ಸೊನ್ನೆಯಾದರೆ ಕಡತ ಮುಗಿದಿದೆ. -1 ಆದರೆ ದೋಷ ಸಂಭವಿಸಿದೆ, ಅದರ ಕಾರಣ ‘ಎರ್‌ನೋ’ ಎಂಬಲ್ಲಿ ಸಂಕೇತರೂಪವಾಗಿ ಇರುತ್ತದೆ.

ಕೇಳಿದುದಕ್ಕಿಂತ ಕಡಮೆ ಬಂದರೆ ಅದು ದೋಷವಲ್ಲ. 4096 ಬೈಟು ಕೇಳಿದಾಗ 1000 ಬಂದರೆ ಉಳಿದುದನ್ನು ಮತ್ತೆ ಕೇಳಬೇಕು. ನಡುವೆ ಬೇರೊಂದು ಸಂಕೇತ ಬಂದು ಓದು ತಡೆದಿದ್ದರೆ ಪುನಃ ಯತ್ನಿಸಬಹುದು. ಆದರೆ ಡಿಸ್ಕೇ ಕೆಟ್ಟಿದ್ದರೆ ಕೆಲಸವನ್ನು ನಿಲ್ಲಿಸಿ ಒಡೆಯನಿಗೆ ತಿಳಿಸುವುದು ಕರ್ತವ್ಯ. -1 ಅನ್ನೂ ಸೊನ್ನೆಯನ್ನೂ ಒಂದೇ ಎಂದೆಣಿಸಿದ ಕಾರ್ಯಕ್ರಮವು ಅರ್ಧ ಪ್ರತಿಯನ್ನು ಮಾಡಿ, ಕೆಲಸ ಪೂರ್ತಿಯಾಯಿತೆಂದು ಸಾರುತ್ತದೆ. ಅದನ್ನು ನಂಬಿ ಮೂಲವನ್ನು ಅಳಿಸಿದವನಿಗೆ ಉಳಿದರ್ಧ ಎಂದಿಗೂ ದೊರೆಯಲಾರದು.

ಕನ್ನಡ ಬರಹಕ್ಕೆ ಇಲ್ಲಿ ಇನ್ನೊಂದು ಎಚ್ಚರ ಅವಶ್ಯಕ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳಿದ್ದು, ಒಟ್ಟು 15 ಬೈಟುಗಳಾಗುತ್ತವೆ. ಓದು 10ನೆಯ ಬೈಟಿಗೆ ನಿಂತರೆ ಎರಡನೆಯ ನಕಾರ ತುಂಡಾಗುತ್ತದೆ. ಮುಂದಿನ ಬೈಟುಗಳು ಕೂಡಿಕೊಳ್ಳುವವರೆಗೆ ಆ ತುಂಡನ್ನು ಅಕ್ಷರವೆಂದು ಅರ್ಥೈಸಲಾಗದು.

ಇನ್ನು ಗಾತ್ರದ ಮಿತಿ. ಋಣಸಂಖ್ಯೆಗೂ ಎಡೆಯಿರುವ 32 ಬಿಟ್‌ಗಳ ಚರದಲ್ಲಿ ಹಿಡಿಯುವ ಅತ್ಯಧಿಕ ಸಂಖ್ಯೆ 2,14,74,83,647. ಕಡತ ಇದಕ್ಕಿಂತ ದೊಡ್ಡದಾದರೆ ಅದರ ಅಳತೆಯನ್ನು 64 ಬಿಟ್‌ಗಳಲ್ಲಿಯೇ ಇಡಬೇಕು. ಲಿನಕ್ಸ್ ವ್ಯವಸ್ಥೆಯಂತೂ 64 ಬಿಟ್‌ಗಳ ಯಂತ್ರದಲ್ಲಿಯೂ ಒಂದು ಕರೆಗೆ 2,14,74,79,552 ಬೈಟುಗಳಿಗಿಂತ ಹೆಚ್ಚು ಕೊಡುವುದಿಲ್ಲ. ಋಣಸಂಖ್ಯೆಗೆ ಎಡೆಯೇ ಇಲ್ಲದ 64 ಬಿಟ್‌ಗಳ ಚರದಲ್ಲಿ ಉತ್ತರವನ್ನು ಇರಿಸಿದರೆ ಅಪಾಯ ಮತ್ತಷ್ಟು: ದೋಷಸೂಚಕವಾದ -1 ಅಲ್ಲಿ 1,84,46,74,40,73,70,95,51,615 ಆಗಿ ತೋರುತ್ತದೆ! ಅದನ್ನು ಉದ್ದವೆಂದು ನಂಬಿದ ಕಾರ್ಯಕ್ರಮ ತನ್ನದಲ್ಲದ ಸ್ಮೃತಿಸ್ಥಾನಗಳಿಗೆ ಕೈಹಾಕುತ್ತದೆ.

ಆದಕಾರಣ ಕ್ರಮವು ಹೀಗಿರಬೇಕು: ಕೇಳುವ ಮುನ್ನ ಉಳಿದ ಸ್ಥಳವನ್ನು ಲೆಕ್ಕಹಾಕಿ, ಅದಕ್ಕಿಂತ ಹೆಚ್ಚು ಕೇಳದಿರುವುದು, ಉತ್ತರ ಬಂದೊಡನೆ ಮೊದಲು ದೋಷವನ್ನೂ ಅನಂತರ ಸೊನ್ನೆಯನ್ನೂ ಪರೀಕ್ಷಿಸುವುದು, ಆಮೇಲೆಯೇ ಬಂದುದನ್ನು ಮೊತ್ತಕ್ಕೆ ಕೂಡಿಸುವುದು. ಓದು ಮುಗಿದುದಕ್ಕೂ ನಡುವೆ ನಿಂತುದಕ್ಕೂ ಇರುವ ಅಂತರವನ್ನು ಬಳಸುವವನಿಗೆ ಸ್ಪಷ್ಟವಾಗಿ ತಿಳಿಸುವವರೆಗೆ ಕಾರ್ಯಕ್ರಮವನ್ನು ಬರೆದವನ ಹೊಣೆ ತೀರಿತೆನ್ನಲಾಗದು.