ಮೇಲ್‌ಬಾಕ್ಸಿನ ಭಾರ ಎಲ್ಲಿದೆ?

ಮೇಲ್‌ಬಾಕ್ಸ್ ತುಂಬುತ್ತ ಬಂದಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಕಂಡೊಡನೆ ಬಹಳಷ್ಟು ಮನೆಗಳಲ್ಲಿ ಮೊದಲು ನಡೆಯುವ ಕೆಲಸವೆಂದರೆ ಅತಿ ಹಳೆಯ ಪತ್ರಗಳಿಂದ ಆರಂಭಿಸಿ ಸಾಲುಸಾಲಾಗಿ ಅಳಿಸುತ್ತ ಹೋಗುವುದು. ಹಳೆಯದಾದ್ದರಿಂದ ಅದು ಬೇಡವಾದದ್ದು ಎಂಬ ಈ ಎಣಿಕೆಯಲ್ಲಿ ಎರಡು ತಪ್ಪುಗಳಿವೆ: ಹಾಗೆ ಅಳಿಸಿದ ಪತ್ರಗಳಿಂದ ತೆರವಾಗುವ ಜಾಗ ತೀರ ಅಲ್ಪ, ಮತ್ತು ಹೀಗೆ ಕಳೆದುಹೋಗುವ ಬರಹವನ್ನು ಮರಳಿ ಪಡೆಯುವ ದಾರಿ ಇಲ್ಲ. ಮೇಲ್‌ಬಾಕ್ಸನ್ನು ವಯಸ್ಸಿನ ಪ್ರಕಾರ ಶೋಧಿಸುವ ಬದಲು ತೂಕದ ಪ್ರಕಾರ ಶೋಧಿಸಬೇಕೆಂಬುದು ಏಕೆ ಎಂದು ತಿಳಿಯಲು, ಒಂದು ಪತ್ರ ಗಣಕದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಅಕ್ಷರದ ಮಟ್ಟದಿಂದಲೇ ನೋಡುವುದು ಒಳ್ಳೆಯದು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡದ ಹೆಸರನ್ನೇ ತೆಗೆದುಕೊಳ್ಳಬಹುದು. ಗಣಕದ ಸಂಗ್ರಹವನ್ನು ಅಳೆಯುವ ಸಣ್ಣ ಮಾನಕ್ಕೆ ಬೈಟ್ ಎಂದು ಹೆಸರು. ಇಂಗ್ಲಿಷ್ ಲಿಪಿಯ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾಗುವುದರಿಂದ ಆ ಲಿಪಿಯಲ್ಲಿ ಎಂಟು ಅಕ್ಷರಗಳಾಗುವ ಊರಿನ ಹೆಸರು ಎಂಟು ಬೈಟ್‌ಗಳಲ್ಲಿ ಮುಗಿಯುತ್ತದೆ. ಕನ್ನಡಕ್ಕೆ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಪ್ರತ್ಯೇಕ ಸ್ಥಾನವಿದೆ. ಆ ಸಂಕೇತಗಳನ್ನು ಸಾಗಿಸಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ನಂದಗಡ ಎಂಬಲ್ಲಿ ನ, ಸೊನ್ನೆ, ದ, ಗ, ಡ ಎಂದು ಐದು ಚಿಹ್ನೆಗಳಿರುವುದರಿಂದ ಹದಿನೈದು ಬೈಟ್ ಆಗುತ್ತದೆ. ಅದೇ ಊರಿನ ಹೆಸರನ್ನು ಮರಾಠಿಯಲ್ಲಿ ದೇವನಾಗರಿ ಲಿಪಿಯಿಂದ ಬರೆದರೂ ಲೆಕ್ಕ ಹದಿನೈದೇ, ಆದ್ದರಿಂದ ಎರಡು ಭಾಷೆಗಳು ಅಕ್ಕಪಕ್ಕ ಬದುಕುವ ಈ ಗಡಿ ತಾಲ್ಲೂಕಿನಲ್ಲಿ ಯಾರೂ ಯಾರಿಗಿಂತ ಹೆಚ್ಚು ಜಾಗ ತಿನ್ನುವುದಿಲ್ಲ.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಇ-ಮೇಲನ್ನು ಒಂದು ಸರ್ವರಿನಿಂದ, ಅಂದರೆ ಸದಾ ಜಾಲಕ್ಕೆ ಜೋಡಿಸಿಕೊಂಡು ಪತ್ರಗಳನ್ನು ಸ್ವೀಕರಿಸುವ ಮತ್ತು ಕಾಯ್ದಿಡುವ ಗಣಕದಿಂದ, ಇನ್ನೊಂದಕ್ಕೆ ದಾಟಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಾಗ ಇಂಗ್ಲಿಷಿನ ಸರಳ ಅಕ್ಷರಗಳು ಮಾತ್ರ ಅದರ ಕಣ್ಣ ಮುಂದಿದ್ದವು. ಚಿತ್ರ, ಧ್ವನಿ ಮತ್ತು ಬೇರೆ ಲಿಪಿಗಳನ್ನು ಅದೇ ಹಾದಿಯಲ್ಲಿ ಕಳುಹಿಸಲು 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಮೈಮ್ ಎಂಬ ಕ್ರಮವನ್ನು ರೂಪಿಸಿದರು. ಅದರ ಒಂದು ವಿಧಾನವಾದ ಬೇಸ್-64, ಪ್ರತಿ ಮೂರು ಬೈಟ್‌ಗಳನ್ನು ನಾಲ್ಕು ಸರಳ ಅಕ್ಷರಗಳಾಗಿ ಬದಲಿಸಿ ಸಾಗಿಸುತ್ತದೆ. ಹೀಗಾಗಿ ನಂದಗಡದ ಹದಿನೈದು ಬೈಟ್ ಪ್ರಯಾಣದಲ್ಲಿ ಇಪ್ಪತ್ತಾಗುತ್ತದೆ, ಮತ್ತು 3 ಎಂಬಿಯ ಚಿತ್ರವೊಂದನ್ನು ಪತ್ರಕ್ಕೆ ಲಗತ್ತಿಸಿದರೆ ಆ ಪತ್ರ 4 ಎಂಬಿಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. ಗಣಕದಲ್ಲಿ ಕಂಡ ಕಡತದ ಗಾತ್ರಕ್ಕೂ ಮೇಲ್‌ಬಾಕ್ಸ್ ತೋರಿಸುವ ಪತ್ರದ ಗಾತ್ರಕ್ಕೂ ತಾಳೆಯಾಗದಿರುವುದಕ್ಕೆ ಮುಖ್ಯ ಕಾರಣ ಇದು.

ಮೂರು ಪಟ್ಟು, ಅದರ ಮೇಲೆ ಮೂರರಲ್ಲೊಂದು ಪಾಲು ಎಂದು ಕೇಳಿ ಕನ್ನಡದಲ್ಲಿ ಪತ್ರ ಬರೆಯುವುದೇ ದುಬಾರಿ ಎಂದು ಭಾವಿಸುವ ಅಗತ್ಯವಿಲ್ಲ. ವಿಳಾಸ, ದಿನಾಂಕ, ಸಾಗಿಬಂದ ದಾರಿಯ ವಿವರಗಳನ್ನು ಸೇರಿಸಿ ಎರಡು ಪುಟದ ಕನ್ನಡ ಪತ್ರವೊಂದು 20 ಸಾವಿರ ಬೈಟ್ ತೂಗಿದರೂ 15 ಜಿಬಿಯ ಮೇಲ್‌ಬಾಕ್ಸಿನಲ್ಲಿ ಅಂಥ ಏಳೂವರೆ ಲಕ್ಷ ಪತ್ರಗಳು ಹಿಡಿಯುತ್ತವೆ. ಒಂದು ಕುಟುಂಬ ಮೂರು ತಲೆಮಾರು ಬರೆದರೂ ಅಷ್ಟಾಗದು. ಮೊಬೈಲಿನಲ್ಲಿ ತೆಗೆದ 4 ಎಂಬಿಯ ಚಿತ್ರ ಬೇಸ್-64ರಲ್ಲಿ ಸುಮಾರು ಐದೂವರೆ ಎಂಬಿ ಆಗುವುದರಿಂದ ಅದೇ ಮೇಲ್‌ಬಾಕ್ಸಿಗೆ ಇಂಥ ಚಿತ್ರಗಳು ಎರಡು ಸಾವಿರದ ಏಳುನೂರರಷ್ಟಾದರೆ ಸಾಕು. ಒಂದು ಚಿತ್ರವನ್ನು ಅಳಿಸಿದರೆ ಇನ್ನೂರೈವತ್ತಕ್ಕೂ ಹೆಚ್ಚು ಪತ್ರಗಳ ಜಾಗ ಸಿಗುತ್ತದೆ.

ಖಾನಾಪುರ ಭಾಗದ ಮನೆಗಳಲ್ಲಿ ಇ-ಮೇಲಿನ ಮೂಲಕ ಓಡಾಡುವ ಭಾರವಾದ ವಸ್ತುವೆಂದರೆ ಕಾಗದಪತ್ರಗಳ ಸ್ಕ್ಯಾನ್. ಹೊಲದ ಉತಾರ, ಜಾತಿ-ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಇವುಗಳ ಜೊತೆಗೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಪ್ರದೇಶವಾದ್ದರಿಂದ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ, ಅಜ್ಜನ ಕಾಲದ ದಾಖಲೆಗಳೂ ಇರಬಹುದು. ಸ್ಕ್ಯಾನರ್ ಅಕ್ಷರವನ್ನು ಓದುವುದಿಲ್ಲ. ಹಾಳೆಯನ್ನು ಚುಕ್ಕೆಗಳಾಗಿ ಒಡೆದು ಪ್ರತಿ ಚುಕ್ಕೆಯ ಬಣ್ಣವನ್ನು ಬರೆದಿಡುತ್ತದೆ. ಒಂದು ಅಂಗುಲಕ್ಕೆ 300 ಚುಕ್ಕೆಗಳಂತೆ ಎ-4 ಹಾಳೆಯನ್ನು ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ, ಮತ್ತು ಬಣ್ಣದಲ್ಲಾದರೆ ಚುಕ್ಕೆಗೆ ಮೂರು ಬೈಟ್‌ನಂತೆ 26 ಎಂಬಿ, ಬೂದು ಛಾಯೆಯಲ್ಲಾದರೆ ಅದರ ಮೂರರಲ್ಲೊಂದು ಪಾಲು, ಬರಿಯ ಕಪ್ಪು-ಬಿಳುಪಿನಲ್ಲಾದರೆ ಒಂದು ಎಂಬಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ಜೆಪೆಗ್‌ನಂಥ ಕ್ರಮಗಳು ಇದನ್ನು ಹಲವು ಪಟ್ಟು ಕುಗ್ಗಿಸಿದರೂ ಚುಕ್ಕೆಗಳು ಹೆಚ್ಚಿದಷ್ಟೂ ಕಡತ ಭಾರವಾಗುತ್ತದೆ. ಮುದ್ರಿತ ಉತಾರವನ್ನು ಕಚೇರಿಗೆ ಕಳುಹಿಸಲು 200 ಚುಕ್ಕೆಗಳ ಬೂದು ಛಾಯೆ ಧಾರಾಳವಾಗಿ ಸಾಕು. ಮೋಡಿ ಪತ್ರದಂಥ ಮಾಸಿದ ಶಾಯಿಯ ದಾಖಲೆಗೆ ಮಾತ್ರ ಬಣ್ಣದ, ಸೂಕ್ಷ್ಮವಾದ ಸ್ಕ್ಯಾನ್ ಅಗತ್ಯ, ಮತ್ತು ಅದರ ನೆಲೆ ಮೇಲ್‌ಬಾಕ್ಸ್ ಆಗಬಾರದು, ಮನೆಯ ಗಣಕವೇ ಆಗಬೇಕು.

ಮೇಲ್‌ಬಾಕ್ಸ್ ತುಂಬಿದೆ ಎಂದ ಮಾತ್ರಕ್ಕೆ ತುಂಬಿಸಿದ್ದು ಮೇಲ್ ಎಂದೂ ತಿಳಿಯುವಂತಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗದೊಂದಿಗೆ ಆರಂಭವಾದಾಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದುದು 2 ಎಂಬಿ, ಯಾಹೂ ಕೊಡುತ್ತಿದ್ದುದು 4 ಎಂಬಿ. ಆಗ ಅಳಿಸದೆ ವಿಧಿ ಇರಲಿಲ್ಲ. 2013ರಲ್ಲಿ ಗೂಗಲ್ ತನ್ನ ಮೇಲ್, ಡ್ರೈವ್ ಮತ್ತು ಚಿತ್ರಸಂಗ್ರಹ ಮೂರಕ್ಕೂ ಸೇರಿ 15 ಜಿಬಿ ಎಂದು ಗೊತ್ತುಮಾಡಿತು; 2021ರ ಜೂನ್ 1ರಿಂದ ಮೊಬೈಲಿನಿಂದ ತಾನಾಗಿ ಮೇಲೇರುವ ಎಲ್ಲ ಚಿತ್ರಗಳೂ ಈ ಮಿತಿಯ ಲೆಕ್ಕಕ್ಕೆ ಬಂದವು, 2024ರಲ್ಲಿ ಆಂಡ್ರಾಯ್ಡ್ ಫೋನಿನ ವಾಟ್ಸ್ಯಾಪ್ ಬ್ಯಾಕಪ್ ಕೂಡ ಸೇರಿತು. ಮದುವೆ-ಜಾತ್ರೆಗಳ ವಿಡಿಯೊಗಳು ಹಿಡಿದ ಜಾಗಕ್ಕಾಗಿ ಪತ್ರಗಳು ದಂಡ ತೆರುವ ಸ್ಥಿತಿ ಹೀಗೆ ಉಂಟಾಗಿದೆ. ಆದ್ದರಿಂದ ಖಾತೆಯ ಸಂಗ್ರಹದ ಪುಟವನ್ನು ತೆರೆದು ಯಾವುದು ಎಷ್ಟು ತಿಂದಿದೆ ಎಂದು ನೋಡುವ ಮೊದಲು ಒಂದು ಪತ್ರವನ್ನೂ ಮುಟ್ಟಬಾರದು.

ಮಿತಿ ಮೀರಿದರೆ ಆಗುವ ಹಾನಿ ಮೌನವಾದದ್ದು. ಕಳುಹಿಸುವ ಸರ್ವರಿಗೆ ಸ್ವೀಕರಿಸುವ ಸರ್ವರು ಜಾಗವಿಲ್ಲವೆಂದು ಸಂಖ್ಯೆಯಲ್ಲಿ ಉತ್ತರಿಸುತ್ತದೆ: 452 ಎಂದರೆ ಸದ್ಯಕ್ಕಿಲ್ಲ, ಮತ್ತೆ ಯತ್ನಿಸು ಎಂದು, 552 ಎಂದರೆ ಪತ್ರವನ್ನು ತಿರಸ್ಕರಿಸಿದೆ ಎಂದು. ಮೊದಲನೆಯ ಉತ್ತರ ಬಂದಾಗ ಕಳುಹಿಸುವ ಸರ್ವರು ನಾಲ್ಕೈದು ದಿನ ಮರುಯತ್ನ ಮಾಡಿ ಕೈಬಿಡುವುದು ವಾಡಿಕೆ, ಕೈಬಿಟ್ಟ ಸುದ್ದಿ ಬರೆದವರಿಗೆ ತಲುಪುತ್ತದೆಯೇ ಹೊರತು ಪಡೆಯಬೇಕಾದವರಿಗೆ ಅಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೋ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿಯೋ ಓದುವ ವಿದ್ಯಾರ್ಥಿಗೆ, ಸಂದರ್ಶನದ ಕರೆಗಾಗಿ ಕಾದವರಿಗೆ, ಈ ಮೌನದ ಬೆಲೆ ಬಹಳ ದೊಡ್ಡದು. ಎರಡು ವರ್ಷ ಮಿತಿ ಮೀರಿಯೇ ಉಳಿದ ಖಾತೆಯ ವಸ್ತುಗಳನ್ನು ಅಳಿಸುವ ಹಕ್ಕನ್ನೂ ಗೂಗಲ್ ಇರಿಸಿಕೊಂಡಿದೆ.

ಹಾಗೆಂದು ಹಳೆಯ ಪತ್ರಗಳೇಕೆ ಉಳಿಯಬೇಕು ಎಂಬ ಪ್ರಶ್ನೆಗೆ ನಂದಗಡದಲ್ಲೇ ಉತ್ತರವಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದ ಕಿತ್ತೂರಿನ ಕಾಳಗದಿಂದ ಹಿಡಿದು 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಈ ಊರಿನಲ್ಲಿ ಗಲ್ಲಿಗೇರಿಸಿದವರೆಗಿನ ಘಟನೆಗಳನ್ನು ಇತಿಹಾಸಕಾರರು ಕಟ್ಟಿಕೊಡುವಾಗ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಪತ್ರವ್ಯವಹಾರವನ್ನು ನೆಚ್ಚಬೇಕಾಗುತ್ತದೆ, ಏಕೆಂದರೆ ಉಳಿದದ್ದು ಆಳುವವರ ಕಾಗದ. ಜನರ ಪಾಲಿನ ನೆನಪು ಲಾವಣಿ ಮತ್ತು ಗೀಗೀ ಪದಗಳಲ್ಲಿ ಬಾಯಿಂದ ಬಾಯಿಗೆ ಸಾಗಿ ಬಂತು. ಇಂದು ಸಾಮಾನ್ಯ ಮನೆಯವರೇ ತಮ್ಮ ಹೊಲ, ಓದು, ವಲಸೆ, ವ್ಯಾಜ್ಯಗಳ ಬಗ್ಗೆ ದಿನಾಂಕ ಸಹಿತ ಬರೆಯುತ್ತಿದ್ದಾರೆ. ಆ ಬರಹವನ್ನು ಅಳಿಸಿ ಜಾತ್ರೆಯ ಒಂದೇ ವಿಡಿಯೊದ ಮೂರು ಪ್ರತಿಗಳನ್ನು ಉಳಿಸಿಕೊಂಡರೆ ಮುಂದಿನವರಿಗೆ ಮತ್ತೆ ಕಚೇರಿಗಳ ಕಡತವೇ ಗತಿಯಾಗುತ್ತದೆ.

ಪತ್ರಗಳನ್ನು ಮನೆಯ ಗಣಕಕ್ಕೆ ಇಳಿಸಿಕೊಳ್ಳುವುದು ಇದಕ್ಕೆ ಸರಿಯಾದ ಉಪಾಯ, ಆದರೆ ಇಳಿಸುವ ಎರಡು ದಾರಿಗಳ ಭೇದ ತಿಳಿಯದೆ ಕೈಹಾಕಿದರೆ ಇದ್ದದ್ದೂ ಹೋಗುತ್ತದೆ. 1984ರಲ್ಲಿ ಮೊದಲ ರೂಪ ಪಡೆದ ಪಿಒಪಿ ಎಂಬ ಕ್ರಮ ಪತ್ರವನ್ನು ಸರ್ವರಿನಿಂದ ಗಣಕಕ್ಕೆ ತರುತ್ತದೆ, ಪ್ರತಿಯನ್ನು ಸರ್ವರಿನಲ್ಲಿ ಬಿಡಬೇಕೋ ಬೇಡವೋ ಎಂಬುದನ್ನು ಬಳಸುವವರು ನಿರ್ಧರಿಸಬೇಕು. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಸ್ಟ್ಯಾನ್‌ಫರ್ಡಿನಲ್ಲಿ ರೂಪಿಸಿದ ಐಮ್ಯಾಪ್ ಕ್ರಮದಲ್ಲಿ ಪತ್ರದ ನೆಲೆ ಸರ್ವರೇ. ಗಣಕದಲ್ಲಿ ಕಾಣುವುದು ಅದರ ಪಡಿಯಚ್ಚು, ಅಲ್ಲಿ ಅಳಿಸಿದ್ದು ಇಲ್ಲಿಯೂ ಅಳಿಯುತ್ತದೆ. ಗಣಕದಲ್ಲಿ ಎಲ್ಲವೂ ಇದೆ ಎಂಬ ಧೈರ್ಯದಿಂದ ಸರ್ವರನ್ನು ಬರಿದು ಮಾಡಿದವರು ಮರುದಿನ ಎರಡೂ ಕಡೆ ಬರಿದಾದುದನ್ನು ಕಾಣುವುದು ಈ ಕಾರಣದಿಂದ. ಥಂಡರ್‌ಬರ್ಡ್‌ನಂಥ ಉಚಿತ ತಂತ್ರಾಂಶದಲ್ಲಿ ಲೋಕಲ್ ಫೋಲ್ಡರ್ಸ್ ಎಂಬ ಪ್ರತ್ಯೇಕ ವಿಭಾಗವಿದ್ದು, ಪತ್ರಗಳನ್ನು ಅಲ್ಲಿಗೆ ನಕಲು ಮಾಡಿದಾಗ ಮಾತ್ರ ಅವು ನಿಜವಾಗಿ ಮನೆಗೆ ಬಂದಂತೆ.

ಮನೆಗೆ ಬಂದ ಮೇಲೆ ಗಣಕದ ಮಿತಿಗಳೂ ಎದುರಾಗುತ್ತವೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನು ಒಂದರ ಹಿಂದೆ ಒಂದರಂತೆ ಎಂಬಾಕ್ಸ್ ಎಂಬ ಒಂದೇ ಕಡತದಲ್ಲಿ ಬರೆಯುತ್ತದೆ. ಪತ್ರವನ್ನು ಅಳಿಸಿದಾಗ, ಕಿರ್ದಿ ಪುಸ್ತಕದಲ್ಲಿ ಸಾಲಿನ ಮೇಲೆ ಗೀಟೆಳೆದಂತೆ, ಅಳಿಸಿದ ಗುರುತು ಮಾತ್ರ ಬೀಳುತ್ತದೆ, ಕಡತದ ಗಾತ್ರ ಇಳಿಯುವುದಿಲ್ಲ; ಕಾಂಪ್ಯಾಕ್ಟ್ ಎಂಬ ಆಜ್ಞೆ ಕೊಟ್ಟಾಗ ಉಳಿದ ಪತ್ರಗಳನ್ನು ಹೊಸ ಕಡತದಲ್ಲಿ ಬರೆದು ಹಳೆಯದನ್ನು ತೆಗೆಯಲಾಗುತ್ತದೆ. ಹೊಸ ಕಡತ ಬರೆಯುವ ತನಕ ಹಳೆಯದೂ ಇರಬೇಕಾದ್ದರಿಂದ ಡಿಸ್ಕ್ ಪೂರ್ತಿ ತುಂಬಿದ ಗಣಕದಲ್ಲಿ ಈ ಕೆಲಸ ಸಾಗುವುದಿಲ್ಲ. ಔಟ್‌ಲುಕ್ ಎಂಬ ಇನ್ನೊಂದು ಮೇಲ್ ತಂತ್ರಾಂಶದ 2002ರವರೆಗಿನ ಆವೃತ್ತಿಗಳು ಪತ್ರಗಳನ್ನಿಡುತ್ತಿದ್ದ ಪಿಎಸ್‌ಟಿ ಕಡತಕ್ಕೆ 2 ಜಿಬಿಯ ಗಡಿ ಇತ್ತು, ಆ ಗಡಿ ಮುಟ್ಟಿದ ಕಡತ ಕೆಟ್ಟು ತೆರೆಯದೇ ಹೋಗುವ ಅಪಾಯವಿತ್ತು. ಹಳೆಯ ಗಣಕದ ಡಿಸ್ಕಿನಲ್ಲಿ ಅಂಥ ಕಡತ ಈಗಲೂ ಇದ್ದರೆ ಮೊದಲು ಅದರ ಗಾತ್ರ ನೋಡಬೇಕು. ಪೆನ್‌ಡ್ರೈವಿಗೆ ನಕಲು ಮಾಡುವಾಗ ಎದುರಾಗುವ ತೊಡಕು ಇನ್ನೊಂದು: ಅಂಗಡಿಯಿಂದ ತಂದ ಅನೇಕ ಪೆನ್‌ಡ್ರೈವ್‌ಗಳು ಫ್ಯಾಟ್-32 ಎಂಬ ಹಳೆಯ ವಿನ್ಯಾಸದಲ್ಲಿರುತ್ತವೆ, ಆ ವಿನ್ಯಾಸ ಕಡತದ ಗಾತ್ರವನ್ನು 32 ದ್ವಿಮಾನ ಅಂಕಿಗಳಲ್ಲಿ ಬರೆದಿಡುವುದರಿಂದ 4 ಜಿಬಿ ಮುಟ್ಟುವ ಕಡತ ಅದರಲ್ಲಿ ಕೂರದು, ಇನ್ನೂ 20 ಜಿಬಿ ಖಾಲಿ ಇದ್ದರೂ ಕೂರದು. ಡ್ರೈವನ್ನು ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಬದಲಿಸಿದರೆ ಈ ತೊಡಕು ಹೋಗುತ್ತದೆ, ಆದರೆ ಬದಲಿಸುವಾಗ ಅದರಲ್ಲಿರುವುದೆಲ್ಲ ಅಳಿಯುವುದರಿಂದ ಖಾಲಿ ಇರುವಾಗಲೇ ಮಾಡಬೇಕು. ಪತ್ರಗಳನ್ನು ವರ್ಷಕ್ಕೊಂದು ಫೋಲ್ಡರಿನಂತೆ ಹಂಚಿಟ್ಟರೆ ಕಡತಗಳು ದೈತ್ಯವಾಗುವುದೇ ಇಲ್ಲ, ಇದು ಎಲ್ಲಕ್ಕಿಂತ ಸುಲಭದ ದಾರಿ.

ಜಿಮೇಲ್ ಖಾತೆಯಲ್ಲಿ ಭಾರದ ಪತ್ರಗಳನ್ನು ಹುಡುಕುವುದು ಕಷ್ಟವಲ್ಲ. ಶೋಧದ ಜಾಗದಲ್ಲಿ ಇಂಗ್ಲಿಷಿನಲ್ಲಿ ಲಾರ್ಜರ್ ಎಂದು ಬರೆದು, ಕೋಲನ್ ಇಟ್ಟು, ಅದಕ್ಕಂಟಿಸಿ 10ಎಂ ಎಂದು ಬರೆದರೆ 10 ಎಂಬಿಗಿಂತ ದೊಡ್ಡ ಪತ್ರಗಳೆಲ್ಲ ಮುಂದೆ ಬರುತ್ತವೆ. ಕಳುಹಿಸಿದ ಪತ್ರಗಳ ಪ್ರತಿಯೂ ಮಿತಿಯ ಲೆಕ್ಕದಲ್ಲಿರುವುದರಿಂದ ಮನೆಯಿಂದ ಹೊರಟ ಸ್ಕ್ಯಾನ್‌ಗಳು ಅಲ್ಲಿ ಗುಂಪಾಗಿ ಸಿಗುತ್ತವೆ. ಅವುಗಳನ್ನು ಲೋಕಲ್ ಫೋಲ್ಡರಿಗೆ ನಕಲು ಮಾಡಿ, ಅಲ್ಲಿಂದ ಹೊರಗಿನ ಡಿಸ್ಕ್ ಅಥವಾ ಪೆನ್‌ಡ್ರೈವಿಗೆ ಎರಡನೆಯ ಪ್ರತಿ ತೆಗೆದು, ಆ ಎರಡನೆಯ ಪ್ರತಿಯಿಂದಲೇ ಕೆಲವು ಪತ್ರಗಳನ್ನು ಲಗತ್ತುಗಳ ಸಮೇತ ತೆರೆದು ಓದಿ ನೋಡಿದ ಮೇಲೆ ಸರ್ವರಿನಲ್ಲಿ ಅಳಿಸಬೇಕು. ಅಳಿಸಿದ ಪತ್ರಗಳು ಕಸದ ಬುಟ್ಟಿಯಲ್ಲಿ 30 ದಿನ ಉಳಿದು ಜಾಗ ಹಿಡಿದೇ ಇರುತ್ತವೆ, ಆದ್ದರಿಂದ ಜಾಗ ತುರ್ತಾಗಿ ಬೇಕಿದ್ದರೆ ಬುಟ್ಟಿಯನ್ನೂ ಬರಿದು ಮಾಡಬೇಕು. ತುರ್ತಿಲ್ಲದಿದ್ದರೆ ಆ 30 ದಿನಗಳನ್ನು ಹಾಗೆಯೇ ಬಿಡುವುದು ಲೇಸು, ಮರೆತುಹೋದ ಅಂಕಪಟ್ಟಿಯೊಂದು ಅಷ್ಟರೊಳಗೆ ನೆನಪಾಗಬಹುದು.