ಕುಮ್ಕಿ ಎಂದರೆ ಒಡೆತನವಲ್ಲ, ನೆರವು

ಪುತ್ತೂರು-ಸುಳ್ಯ ರಸ್ತೆಯ ಕುಂಬ್ರದ ಆಸುಪಾಸಿನಲ್ಲಿ ಅಡಿಕೆ ತೋಟದ ಮಾರಾಟದ ಮಾತು ಬಂದರೆ ಮೊದಲು ಏಳುವ ಪ್ರಶ್ನೆ: ವರ್ಗ ಎಷ್ಟು, ಕುಮ್ಕಿ ಎಷ್ಟು? ಘಟ್ಟದ ಮೇಲಿನವರಿಗೆ ಇದು ಒಗಟು. ಈ ಮಾತುಗಳನ್ನು ದಿನವೂ ಆಡುವವರಿಗೂ ಅವುಗಳ ಮೂಲ ಮರೆತುಹೋಗಿದೆ.

ಇಲ್ಲಿನ 'ವರ್ಗ' ಸಂಸ್ಕೃತದ್ದಲ್ಲ. ಹಾಳೆ ಎಂಬರ್ಥದ ಅರಬ್ಬಿ ಶಬ್ದದಿಂದ ಬಂದುದು. ಲೆಕ್ಕದ ಪುಸ್ತಕದಲ್ಲಿ ಒಬ್ಬನ ಹೆಸರಿಗೆ ಒಂದು ಹಾಳೆ. ಆ ಹಾಳೆಯಲ್ಲಿ ಬರೆದ ಭೂಮಿಯೆಲ್ಲ ಅವನ ವರ್ಗ, ಅವನು ವರ್ಗದಾರ. 1763ರಲ್ಲಿ ಕರಾವಳಿ ಹೈದರಾಲಿಯ ವಶವಾದ ಮೇಲೆ ಕಂದಾಯದ ದಫ್ತರದಲ್ಲಿ ಪಾರ್ಸಿ ಮಾತುಗಳಿಗೆ ಬಲ ಬಂತು. 1799ರ ಬಳಿಕ ಬಂದ ಇಂಗ್ಲಿಷರೂ ಅವನ್ನು ಕೈಬಿಡಲಿಲ್ಲ. ಇಂಥ ಶಬ್ದಗಳು ಅವರಿಗೇ ಅರ್ಥವಾಗದೆ, 1855ರಲ್ಲಿ ಎಚ್. ಎಚ್. ವಿಲ್ಸನ್ ಒಂದು ದೊಡ್ಡ ಕೋಶವನ್ನೇ ರಚಿಸಬೇಕಾಯಿತು.

ಕುಮ್ಕಿಯ ಮೂಲ ಪಾರ್ಸಿಯ 'ಕುಮಕ್', ಅಂದರೆ ನೆರವು. ಕನ್ನಡದ 'ಕುಮ್ಮಕ್ಕು' ಇದರ ಒಡಹುಟ್ಟು. ಕಾಡಾನೆ ಹಿಡಿಯಲು ನೆರವಾಗುವ ಸಾಕಾನೆಯೂ ಕುಮ್ಕಿಯೇ. ಫಸಲಿ 1276, ಅಂದರೆ 1866-67ಕ್ಕೂ ಹಿಂದಿನ ಸಾಗುವಳಿ ಭೂಮಿಯ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗವೇ ಕುಮ್ಕಿ. ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಸಿಗಲೆಂದು ವರ್ಗದಾರನಿಗೆ ಕೊಟ್ಟ ಸವಲತ್ತು ಅದು. 1964ರ ಭೂಕಂದಾಯ ಕಾಯಿದೆಯ 79ನೇ ಕಲಮು ಈ ಸವಲತ್ತನ್ನು ಉಳಿಸಿತು. ಆದರೆ ಒಡೆತನ ಕೊಡಲಿಲ್ಲ.

ಕೆಲವು ಮಾತುಗಳ ಬಾಳು ಮುಗಿದಿದೆ. ಮೂಲಗೇಣಿ ಎಂದರೆ ಗೊತ್ತುಮಾಡಿದ ಗೇಣಿಯ ಶಾಶ್ವತ ಒಕ್ಕಲುತನ. ಚಾಲಗೇಣಿಯ ಒಕ್ಕಲಿಗೆ ಆ ಭದ್ರತೆಯಿರಲಿಲ್ಲ. ಧಣಿಯ ಮರ್ಜಿ ತಪ್ಪಿದರೆ ಭೂಮಿಯೂ ತಪ್ಪುತ್ತಿತ್ತು. 1974ರ ಮಾರ್ಚ್ 1ರಂದು ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲುಗಳು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆಯರಾದರು. 'ಚಾಲಗೇಣಿ' ಅಜ್ಜಂದಿರ ಕಾಲದ ಮಾತಾಯಿತು.

ಕುಮ್ಕಿ ಮಾತ್ರ ಇಂದಿಗೂ ಜೀವಂತ. ಸೊಪ್ಪಿನ ಗುಡ್ಡೆಯಾಗಿದ್ದ ಎಷ್ಟೋ ಕುಮ್ಕಿ ಇಂದು ರಬ್ಬರು, ಗೇರು, ಅಡಿಕೆಯ ತೋಟ. ತಲೆಮಾರುಗಳಿಂದ ಬೆವರು ಸುರಿಸಿದವನು 'ಇದು ನನ್ನದು' ಎನ್ನುತ್ತಾನೆ. ದಾಖಲೆ 'ಸರಕಾರದ್ದು' ಎನ್ನುತ್ತದೆ. ಕ್ರಯಪತ್ರಕ್ಕೆ ರುಜು ಹಾಕುವ ಮುನ್ನ ಹಳೆಯ ಅರ್ಥವನ್ನು ನೆನೆಯುವುದು ಲೇಸು: ವರ್ಗ ಹೆಸರಿಗೆ ಬರೆದ ಹಾಳೆ, ಕುಮ್ಕಿ ಅದಕ್ಕೆ ಸಿಕ್ಕ ನೆರವು.