ಎಲ್ಲ ಬಿಡಬಹುದು, ಮೊಸರೊಂದು ಬಿಟ್ಟು

ಮುಂಡರಗಿ ಕಡೆಯ ಮಧ್ಯಾಹ್ನದ ಊಟವನ್ನು ನೆನೆಯಿರಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಇಷ್ಟರಲ್ಲಿ ಆಕಳು, ಎಮ್ಮೆಗಳ ಪಾಲು ಏನೂ ಇಲ್ಲ. ಹಾಲು, ತುಪ್ಪ, ಮೊಟ್ಟೆ, ಜೇನು ಯಾವುದನ್ನೂ ಮುಟ್ಟದ ಆಹಾರಕ್ಕೆ ‘ವೀಗನ್’ ಎಂಬ ಹೆಸರು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ನಮ್ಮ ರೈತನ ತಾಟು ಅದಕ್ಕೂ ಮೊದಲೇ ಮುಕ್ಕಾಲು ಪಾಲು ಹಾಗಿತ್ತು.

ತೊಡಕಿರುವುದು ಉಳಿದ ಕಾಲು ಪಾಲಿನಲ್ಲಿ. ಹಾಲು ಬಿಡುತ್ತೇನೆಂದು ಹೊರಟವರನ್ನು ಇಲ್ಲಿ ಕಾಡುವುದು ಕೇಕೂ ಅಲ್ಲ, ಚೀಸೂ ಅಲ್ಲ. ಚಟ್ನಿಯ ಮೇಲೆ ಸುರಿಯುವ ಗಟ್ಟಿ ಮೊಸರು. ಇದು ಬರಿಯ ನಾಲಿಗೆಯ ಚಪಲವಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಎಷ್ಟು ತಂಬಿಗೆ ನೀರು ಕುಡಿದರೂ ಉರಿ ಹಾಗೇ ಇರುತ್ತದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ನಾಲಿಗೆಯಿಂದ ಬಿಡಿಸುತ್ತದೆ. ಖಾರ ಹೆಚ್ಚಿದ ಸೀಮೆಯಲ್ಲಿ ಮೊಸರಿನ ಹಂಬಲವೂ ಹೆಚ್ಚಿದ್ದರೆ ಅಚ್ಚರಿಯಿಲ್ಲ. ಶೇಂಗಾ ನೆನೆಸಿ, ರುಬ್ಬಿ, ಸೋಸಿದ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪುಗಟ್ಟಿಸುವವರಿದ್ದಾರೆ. ಹುಳಿ ಬರುತ್ತದೆ, ಎಮ್ಮೆ ಮೊಸರಿನ ಕೆನೆ ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಈ ಪೇಚಿಗೆ ಸಿಕ್ಕವರಲ್ಲಿ ಗಾಂಧೀಜಿಯೂ ಒಬ್ಬರು. ಹಾಲಿಗಾಗಿ ದನಗಳಿಗೆ ಕೊಡುವ ಹಿಂಸೆಯನ್ನು ಓದಿ ತಿಳಿದಿದ್ದ ಅವರು 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ತ್ಯಜಿಸಿದರು. 1918ರಲ್ಲಿ ಆಮಶಂಕೆಯಿಂದ ಹಾಸಿಗೆ ಹಿಡಿದಾಗ ವೈದ್ಯರು ಹಾಲು ಕುಡಿಯಲೇಬೇಕೆಂದರು. ನಿಮ್ಮ ವ್ರತ ಆಕಳು, ಎಮ್ಮೆಯ ಹಾಲಿಗೆ ತಾನೆ, ಆಡಿನ ಹಾಲಿಗೆ ಅಡ್ಡಿಯೇನು ಎಂಬ ವಾದ ಕಸ್ತೂರಬಾ ಅವರಿಂದ ಬಂತು. ಗಾಂಧೀಜಿ ಸೋತರು. ವ್ರತದ ಅಕ್ಷರ ಉಳಿಯಿತು, ಅದರ ಜೀವ ಹೋಯಿತು ಎಂಬ ಕೊರಗನ್ನು ಆತ್ಮಕಥೆಯಲ್ಲಿ ಅವರು ಮುಚ್ಚಿಡಲಿಲ್ಲ. ಮನಸ್ಸು ಇಂಥ ಒಳದಾರಿಗಳನ್ನು ಬಲು ಬೇಗ ಹುಡುಕುತ್ತದೆ: ಮೊಸರು ಬೇಡ, ಮಜ್ಜಿಗೆಯಾದರೆ ಅಡ್ಡಿಯಿಲ್ಲ!

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಅದನ್ನು ಬೇರ್ಪಡಿಸಿದ್ದೇ 1948ರಲ್ಲಿ. ಗಾಂಧೀಜಿಗೆ ತಿಳಿಯುವ ದಾರಿಯಿರಲಿಲ್ಲ. ಇಂದು ಹಾಲು ಬಿಡುವವರು ವೈದ್ಯರನ್ನು ಕೇಳಿ ಅದರ ಮಾತ್ರೆ ತೆಗೆದುಕೊಳ್ಳಬೇಕು. ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದಾದ್ದರಿಂದ ಅನೇಕರು ಮೈಮರೆಯುತ್ತಾರೆ.

ಸ್ವಂತ ನಾಲಿಗೆಯನ್ನಾದರೂ ಕಟ್ಟಬಹುದು, ಬಡಿಸುವ ಕೈಯನ್ನು ತಡೆಯುವುದು ಕಷ್ಟ. ಇದು ಅನ್ನದಾನೀಶ್ವರನ ಹೆಸರಿನ ಮಠವಿರುವ ಊರು. ದಾಸೋಹದ ಪಂಕ್ತಿಯಲ್ಲಿ ಇದು ಬೇಕು, ಅದು ಬೇಡ ಎನ್ನುವ ರೂಢಿಯಿಲ್ಲ. ನೆಂಟರ ಮನೆಯಲ್ಲಿ ಹೋಳಿಗೆಯ ಮೇಲೆ ಕೈ ಅಡ್ಡ ಹಿಡಿದರೆ, “ಒಂದ್ ಚಮಚಾ ತುಪ್ಪ ಹಾಕಿಸ್ಕೊಂಡ್ರ ಏನ್ ಆಗತೈತ್ರಿ?” ಎಂದು ಕೇಳುತ್ತಾರೆ. ಒಬ್ಬರ ಮನೆಯ ಅನ್ನ ನಿರಾಕರಿಸುವುದು ಜಾತಿಯ ಅಹಂಕಾರವೂ ಆಗಿದ್ದ ನಾಡಿದು. ಬೇಡವೆನ್ನುವವನ ಮೇಲೆ ಆ ಹಳೆಯ ಅನುಮಾನ ಬೀಳುವುದು ಸಹಜ. ಊಟಕ್ಕೆ ಕೂರುವ ಮೊದಲೇ, ಅಡುಗೆಮನೆಗೇ ಹೋಗಿ ವಿಷಯ ತಿಳಿಸುವುದು ಮೇಲು. ಎಲೆಯ ಮುಂದೆ ಕೊಡುವ ಉಪನ್ಯಾಸ ಯಾರಿಗೂ ರುಚಿಸದು.

ಹಬ್ಬಗಳಲ್ಲಿ ನಾಗರ ಪಂಚಮಿ ಇಂಥವರಿಗೆ ಸ್ವಲ್ಪ ಸಲೀಸು. ಹುತ್ತಕ್ಕೆ ಹಾಲೆರೆದರೂ ಮನೆಯೊಳಗಿನ ಶೇಂಗಾ ಉಂಡಿ, ಎಳ್ಳುಂಡಿಗಳಿಗೆ ಬೆಲ್ಲದ ಪಾಕವೇ ಸಾಕು. ತುಪ್ಪ ಬೇಡುವುದು ರವೆ ಉಂಡಿ, ಬೇಸನ್ ಉಂಡಿ. ಆದರೆ ಅವೂ ಅದೇ ಡಬ್ಬಿಯಲ್ಲಿರುತ್ತವೆ.